ಕಣ್ಣು ಬಿಡದ ಗಣಪ

ಮಾಲೂರಿಂದ ಲಂಡನ್ನಿಗೆ ಸೈಕಲ್ಲಲ್ಲೇ ಹೋಗಿಬಿಡೋಣ ಅಂತ ಹೊರಟವನು ನಾನು. ಬಂಡವಾಳ ಅಂದರೆ ಒಂದು ಹಳೇ ಸೈಕಲ್ಲು, ಒಂದು ಚೀಲ ರಾಗಿ ಹುರಿಹಿಟ್ಟು. ಬೆಟ್ಟ ಹತ್ತುವಾಗ ಭಾರವಾಗದಿರಲಿ ಎಂದು ಕಂಬಳಿಯನ್ನೂ ಅರ್ಧಕ್ಕೆ ಕತ್ತರಿಸಿದ್ದೆ.

ಹೊರಡುವ ಮುಂಚೆ ಶಿವಾರಪಟ್ಟಣಕ್ಕೆ ಹೋದೆ. ಅಲ್ಲಿ ವಿಗ್ರಹ ಕೆತ್ತುವ ಆಚಾರ್ರು ನಮ್ಮಪ್ಪನ ಸ್ನೇಹಿತರು, ಅವರಿಗೆ ಹೇಳಿ ಬರಬೇಕಿತ್ತು. ನನ್ನನ್ನು ಕಂಡದ್ದೇ ತಡ, ಒಳಗಿಂದ ಕಲ್ಲಿನ ಗಣಪನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು.

“ತಗೋಪ್ಪ, ದಾರೀಲಿ ವಿಘ್ನ ಬರ್ಬಾರ್ದು. ನಿನಗಂತ್ಲೇ ಚಿಕ್ಕದು ಮಾಡಿದೀನಿ.”

ಆಳೆತ್ತರದ ದೇವರುಗಳನ್ನು ಮಾಡುವವರಿಗೆ ಅದು ಚಿಕ್ಕದೇ. ನನ್ನ ಕೈಗಿಟ್ಟಾಗ ತೋಳು ಜಗ್ಗಿತು. ಆದರೂ ಹಗ್ಗ ತಂದು ಕ್ಯಾರಿಯರ್‌ಗೆ ಬಿಗಿದೆ. ಸೈಕಲ್ಲಿನ ಮುಂದಿನ ಚಕ್ರ ನೆಲ ಬಿಟ್ಟು ಮೇಲಕ್ಕೆದ್ದಿತು.

ಆಚಾರ್ರು ತಾವೇ ಹಗ್ಗ ಬಿಚ್ಚಿದರು.

“ಇದಕ್ಕಿನ್ನೂ ಕಣ್ಣು ತೆರೆದಿಲ್ಲ ಕಣಪ್ಪ. ಅಲ್ಲೀವರ್ಗೂ ಬರೀ ಕಲ್ಲು, ಬಿಟ್ಟು ಹೋದ್ರೆ ದೋಷ ಇಲ್ಲ. ನೀನು ವಾಪಸ್ ಬಂದ ದಿನ ತೆರೀತೀನಿ. ಬಂದ್ಬಿಡು ಮತ್ತೆ.”

ಆಗಿನ್ನೂ ಬ್ರಿಟಿಷರ ಕಾಲ; ನಾನು ದೇಶದ ಪಶ್ಚಿಮದ ಗಡಿಯ ಹತ್ತಿರದ ಕ್ವೆಟ್ಟಾ ಸೇರುವಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಗಡಿ ದಾಟಲು ಬಿಡಲಿಲ್ಲ. ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಊರಿಗೆ ಬಂದು, ಶಿವಾರಪಟ್ಟಣಕ್ಕೆ ಹೋದೆ. ಆಚಾರ್ರು ಉಳಿ ತಗೊಂಡು ಗಣಪನ ಕಣ್ಣು ತೆರೆದರು.

ಈಗ ಅವನು ನಮ್ಮ ಮನೆಯಲ್ಲೇ ಇದ್ದಾನೆ. ಕಣ್ಣು ಬಿಟ್ಟು ಮೊದಲು ಕಂಡದ್ದು ಲಂಡನ್ ನೋಡದೆ ವಾಪಸ್ಸಾದ ನನ್ನ ಮುಖವನ್ನಲ್ಲವೇ? ಅವನ ನಗು ಇನ್ನೂ ನಿಂತಿಲ್ಲ.