ಅಂಗಿ ತುದಿಯ ಹಳದಿ ಚುಕ್ಕೆ

ಕೆಲಸದ ಮೇಲೆ ಅಮೆರಿಕದ ಇಟಾಸ್ಕಾಗೆ ಹೋದವನು ಹೋಟೆಲ್ ರೂಮಿನಲ್ಲಿ ಆನ್‌ಲೈನ್ ಗೇಮ್ ಆಡ್ತಾ ಕೂತಿದ್ದೆ. ನನ್ನ ಯೋಧನಿಗೆ ಹೊಸ ಅಂಗಿ ತೊಡಿಸಿ, ತುದಿಗೊಂದು ಹಳದಿ ಚುಕ್ಕೆ ಇಟ್ಟಿದ್ದೆ. ಇನ್ನೇನು ಯುದ್ಧ ಶುರುವಾಗಬೇಕು, ನಮ್ಮ ಟೀಮಿನ ಕ್ಯಾಪ್ಟನ್, ಡೆಟ್ರಾಯಿಟ್‌ನವನು, ಹೆಡ್‌ಫೋನಿನಲ್ಲಿ ಗುಡುಗಿದ.

"ಅದೇನು ಗುರುತು? ಎದುರು ಟೀಮಿನ ಗೂಢಚಾರನಾ ನೀನು?"

ನಮ್ಮಮ್ಮ ಹೊಸ ಬಟ್ಟೆಗೆಲ್ಲ ಹೀಗೇ ಹಚ್ಚೋದು ಅಂದೆ. ಅವನ ಅನುಮಾನ ಇನ್ನೂ ಹೆಚ್ಚಾಯಿತು.

"ಸರಿಯಾಗಿ ಹೇಳು, ಇಲ್ಲಾಂದ್ರೆ ಹೊರಗೆ ಹಾಕ್ತೀನಿ."

ಅಷ್ಟರಲ್ಲಿ ನಮ್ಮ ಟೀಮಿನ ಹುಡುಗಿಯೊಬ್ಬಳು ಮೆಲ್ಲಗೆ ಕನ್ನಡದಲ್ಲಿ ಕೇಳಿದಳು: "ಅಂಕಲ್, ಅರಿಶಿನಾನಾ? ನಮ್ಮಮ್ಮ ನನ್ನ ಜೀನ್ಸ್‌ಗೂ ಹಚ್ತಾರೆ."

ಅವಳೇ ಕ್ಯಾಪ್ಟನ್‌ಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು, ಹೊಸ ಬಟ್ಟೆಗೆ ಒಳ್ಳೇದಾಗಲಿ ಅಂತ ಹಚ್ಚೋದು ಎಂದು. ಹಾಗಾದ್ರೆ ಎಲ್ಲರೂ ಹಚ್ಚಿಕೊಳ್ಳಿ ಅಂದ ಅವನು.

ಆ ಯುದ್ಧದಲ್ಲಿ ನಾವೆಲ್ಲರೂ ಸತ್ತೆವು. ಅಂಗಿಗಳಿಗೆ ಮಾತ್ರ ಏನೂ ಆಗಲಿಲ್ಲ.