ಮೇಲ್ ಸರ್ವರಿಗೆ ಕಟ್ಟಿದ ನಿಂಬೆಹಣ್ಣು

ಕೊಡಿಗೇಹಳ್ಳಿಯಲ್ಲಿ ಜಾನುವಾರು ಔಷಧಿ ಪೂರೈಸುವ ಸಣ್ಣ ಕಚೇರಿಯೊಂದರ ಮೇಲ್ ಸರ್ವರ್ ಆಗಾಗ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಅಂದು ಸಂಜೆಯೊಳಗೆ ಟೆಂಡರಿನ ಮೇಲ್ ಹೋಗದಿದ್ದರೆ ವರ್ಷದ ದೊಡ್ಡ ಆರ್ಡರ್ ಕೈತಪ್ಪುತ್ತದೆಂದು ದುರಸ್ತಿಗೆ ನನ್ನನ್ನು ಕರೆಸಿದ್ದರು.

"ಇದು ನಿಮ್ಮ ಕೈಲಿ ಆಗಲ್ಲ ಕಣ್ರೀ ಮೇಡಂ," ಎಂದರು ಮಾಲೀಕರಾದ ರಾಜಣ್ಣ. "ಇಲ್ಲಿ ಮುಂಚೆ ಹುತ್ತ ಇತ್ತು. ನಾಗಪ್ಪ ಮುನಿಸ್ಕೊಂಡಾಗೆಲ್ಲ ಮೇಲ್ ನಿಂತೋಗುತ್ತೆ."

ಹುತ್ತವನ್ನು ಕಂಡವರು ಯಾರೆಂದು ವಿಚಾರಿಸಿದೆ. ಕಂಡವರನ್ನು ಬಲ್ಲವರು ಇದ್ದರಂತೆ.

ಲೆಕ್ಕ ನೋಡಿಕೊಳ್ಳುವ, ವಿಜಯಪುರ ಕಡೆಯ ಗಿರಿಜಾ ನಕ್ಕರು. "ಆ ನಾಗಪ್ಪಗ ಶೆಕಿ ಆದಾಗಷ್ಟ ಸಿಟ್ಟು ಬರ್ತೈತ್ರೀ. ಮುಂಜಾನೆ ತಣ್ಣಗಿರ್ತಾನ."

ಸೆಕೆಯಾದಾಗ ಅಲ್ಲಿ ಬದಲಾಗುವುದು ಫ್ಯಾನ್ ಒಂದೇ ಎಂದು ತೋರಿ ಅದನ್ನು ಹಾಕಿಸಿದೆ. ದೃಷ್ಟಿ ತಾಗದಿರಲೆಂದು ಪ್ರತಿ ಅಮಾವಾಸ್ಯೆಗೆ ಸರ್ವರಿನ ಕೇಬಲ್ಲಿಗೇ ಕಟ್ಟುತ್ತಿದ್ದ ನಿಂಬೆಹಣ್ಣು, ಮೆಣಸಿನಕಾಯಿಯ ಸರ ಗಾಳಿಗೆ ತೂಗತೊಡಗಿತು. ಕೇಬಲ್ಲಿನ ತುದಿಯ ಕ್ಲಿಪ್ ಮುರಿದಿತ್ತು. ನಿಂಬೆ ಜಗ್ಗಿದೊಡನೆ ಸಂಪರ್ಕ ತೋರಿಸುವ ಹಸಿರು ದೀಪ ಆರಿತು, ಹಿಂದಕ್ಕೆ ತೂಗಿದಾಗ ಮತ್ತೆ ಹೊತ್ತಿತು.

ಸರ ಬಿಚ್ಚಿ, ಕೇಬಲ್ ಬದಲಿಸಿದೆ. ಟೆಂಡರ್ ಹೋಯಿತು, ತಲುಪಿತೆಂಬ ಉತ್ತರವೂ ಬಂತು.

ರಾಜಣ್ಣ ಬಾಡಿದ ನಿಂಬೆಹಣ್ಣನ್ನು ಭಕ್ತಿಯಿಂದ ನೋಡಿದರು. "ನೋಡಿದ್ರಾ, ದೃಷ್ಟಿನೆಲ್ಲ ಅದೇ ತಗೊಂಡಿತ್ತು! ಹೊಸದು ತರಿಸ್ತೀನಿ, ನೀವೇ ಕಟ್ಬಿಡಿ. ನಿಮ್ಮ ಕೈಗುಣ ಚೆನ್ನಾಗಿದೆ."

ನಾಗಪ್ಪನಿಗೂ ಮೇಲಿಗೂ ನಡುವೆ ಸಾಕಷ್ಟು ಅಂತರವಿರಲೆಂದು ಹೊಸ ಸರವನ್ನು ಬೀದಿಬಾಗಿಲಿಗೆ ಕಟ್ಟಿ, ಗಂಟು ಬಿಗಿಯಾಗಿದೆಯೇ ಎಂದು ಜಗ್ಗಿ ನೋಡಿದೆ. ಅಲ್ಲಿ ನಾನು ಮಾಡಿದ ದುರಸ್ತಿಯಲ್ಲಿ ರಾಜಣ್ಣ ಇಂದಿಗೂ ಹೊಗಳುವುದು ಆ ಗಂಟನ್ನೇ.