ತಲೆಗಿಷ್ಟು ಕರೆಂಟು

ನೀವು ಇದನ್ನು ನಂಬುವುದಿಲ್ಲ. ನಂಬಲೇಬೇಕೆಂಬ ಹಟ ನನಗೂ ಇಲ್ಲ. ನಂಬದವರೇ ಹೆಚ್ಚು ನಗುತ್ತಾರೆ ಎಂಬುದು ನನ್ನ ಅನುಭವ. ಮಲಾಡಿನ ನಮ್ಮ ಮನೆಯಲ್ಲಿ, ಒಂದು ಮಧ್ಯಾಹ್ನ, ಯಾರ ಸಹಾಯವೂ ಇಲ್ಲದೆ, ನಾನು ಒಂದು ತುಂಬು ಸಂಸಾರವನ್ನು ಕಟ್ಟಿ ನಿಲ್ಲಿಸಿದೆ. ಹದಿನೈದನೇ ವಯಸ್ಸಿಗೆ ಇಷ್ಟು ದೊಡ್ಡ ಕುಟುಂಬದ ಯಜಮಾನನಾದವನು ನಮ್ಮ ಬಿಲ್ಡಿಂಗಿನಲ್ಲಿ ಇನ್ನೊಬ್ಬನಿಲ್ಲ. ಪಕ್ಕದ ಬಿಲ್ಡಿಂಗಿನ ವಿಷಯ ವಿಚಾರಿಸಿಲ್ಲ.

ಕಾರಣ, ಕರೆಂಟು. ನಮ್ಮ ಬಿಲ್ಡಿಂಗಿನ ಸೊಸೈಟಿಯವರಿಗೆ ಆ ವರ್ಷ ಇದ್ದಕ್ಕಿದ್ದಂತೆ ದೇಶದ ಚಿಂತೆ ಹತ್ತಿತು. ಕಲ್ಲಿದ್ದಲು ಮುಗಿಯುತ್ತಿದೆಯಂತೆ, ಪೆಟ್ರೋಲು ಮುಗಿಯುತ್ತಿದೆಯಂತೆ. ಆದ್ದರಿಂದ ಪ್ರತಿ ಮನೆಯನ್ನೂ ಪರೀಕ್ಷೆ ಮಾಡಿ, ಮಿತವಾಗಿ ವಿದ್ಯುತ್ ಬಳಸುವವರಿಗೆ ಸರ್ಟಿಫಿಕೇಟ್ ಕೊಡುವುದೆಂದು ಮೀಟಿಂಗಿನಲ್ಲಿ ತೀರ್ಮಾನವಾಯಿತು. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು ಎಂದು ನಮ್ಮ ಫಿಸಿಕ್ಸ್ ಮೇಡಂ ಬೋರ್ಡಿನ ಮೇಲೆ ಬರೆದಿದ್ದರು. ನಾಶವೇ ಆಗದ ಪದಾರ್ಥವನ್ನು ಉಳಿಸುವುದೇಕೆ ಎಂದು ನಾನು ಕ್ಲಾಸಿನಲ್ಲಿ ಎದ್ದು ಕೇಳಿದೆ. ಆ ಪೀರಿಯಡ್ಡಿನ ಉಳಿದ ಭಾಗವನ್ನು ಕಾರಿಡಾರಿನಲ್ಲಿ ಕಳೆದೆ. ವಿಜ್ಞಾನಿಗಳಿಗೆ ಇದು ಹೊಸದಲ್ಲ.

ಅಮ್ಮನಿಗೆ ಮಾತ್ರ ಆ ಸರ್ಟಿಫಿಕೇಟ್ ಬೇಕೇ ಬೇಕಾಗಿತ್ತು. ಅಪ್ಪ ಬರೋಡಾಕ್ಕೆ ವರ್ಗವಾಗಿ ತಿಂಗಳಿಗೊಮ್ಮೆ ಬರುತ್ತಿದ್ದರು. ಅಮ್ಮ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಚರ್ಚ್‌ಗೇಟ್ ಕಡೆಯ ಆಫೀಸಿಗೆ ಹೋದರೆ ವಾಪಸ್ಸು ಬರುವಾಗ ಕತ್ತಲು. ಸೊಸೈಟಿ ಸೆಕ್ರೆಟರಿಯವರ ಹೆಂಡತಿ ಒಂದು ದಿನ ಮೆಟ್ಟಿಲ ಮೇಲೆ ನಾಲ್ಕು ಜನರ ಎದುರಿಗೆ, ನೌಕರಿಗೆ ಹೋಗುವ ಹೆಂಗಸರ ಮನೆಯಲ್ಲಿ ದೀಪಗಳಿಗೂ ಹೇಳುವವರಿಲ್ಲ ಕೇಳುವವರಿಲ್ಲ, ಹಾಡುಹಗಲೇ ಉರಿಯುತ್ತಿರುತ್ತವೆ ಎಂದಿದ್ದರು. ಅಮ್ಮ ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಫ್ರೇಮು ಹಾಕಿಸಿ ಬಾಗಿಲಿಗೇ ನೇತುಹಾಕಬೇಕೆಂದು ಮನಸ್ಸು ಮಾಡಿದಳು.

ಸೆಕ್ರೆಟರಿಯವರ ಹೆಂಡತಿ ಹೇಳಿದ್ದು ಸುಳ್ಳಲ್ಲ ಎಂಬುದು ಇಲ್ಲಿನ ತೊಡಕು. ನನ್ನದು ಬೆಳಗಿನ ಶಾಲೆ. ಮಧ್ಯಾಹ್ನ ಬಂದು ಬೀಗ ತೆಗೆದರೆ ಮನೆ ನನ್ನನ್ನು ಒಂಥರಾ ನೋಡುತ್ತದೆ. ಅದಕ್ಕೇ ನಾನು ಚಪ್ಪಲಿ ಬಿಡುವ ಮೊದಲೇ ಸ್ವಿಚ್ಚುಗಳನ್ನು ಹಾಕುತ್ತಾ ಹೋಗುತ್ತೇನೆ. ಒಳಕೋಣೆಯಲ್ಲಿ ರೇಡಿಯೊ. ಇನ್ನೊಂದು ಕೋಣೆಯಲ್ಲಿ ಫ್ಯಾನು. ಅದು ತಿರುಗಿದರೆ ಗೋಡೆಯ ಕ್ಯಾಲೆಂಡರು ಪಟಪಟ ಅನ್ನುತ್ತದೆ, ಯಾರೋ ಪೇಪರ್ ಓದುತ್ತಿದ್ದ ಹಾಗೆ. ಅಡುಗೆಮನೆಯಲ್ಲಿ ಟ್ಯೂಬ್‌ಲೈಟು. ಆಮೇಲೆ ಎರಡು ಕೋಣೆಗಳ ಬಾಗಿಲನ್ನೂ ಮುಂದೆ ಮಾಡಿ ಹಾಲಿಗೆ ಬಂದು ಕೂತರೆ, ಎಲ್ಲರೂ ಅವರವರ ಕೆಲಸದಲ್ಲಿದ್ದಾರೆ ಅನಿಸುತ್ತದೆ. ನೆಲ ಅಗೆಯುವ ಪಂಡಿತರು ಒಲೆಯ ಬೂದಿ ಸಿಕ್ಕ ಕಡೆ ಜನ ವಾಸವಾಗಿದ್ದರು ಎಂದು ಬರೆಯುತ್ತಾರಲ್ಲ, ನಮ್ಮ ಮನೆಯನ್ನು ಅಗೆದರೆ ಮಲಾಡಿನಲ್ಲಿ ದೊಡ್ಡದೊಂದು ನಾಗರಿಕತೆಯೇ ಇತ್ತು ಎಂದು ಬರೆದುಕೊಳ್ಳುತ್ತಾರೆ.

ಪರೀಕ್ಷೆಗೆ ಬಂದವನು ಹೀಗೆ ನಾಗರಿಕತೆ ಉಚ್ಛ್ರಾಯದಲ್ಲಿದ್ದಾಗಲೇ ಬಂದ. ಹಿರೇಮಠ ಎಂದು ಹೆಸರು, ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದ ಧಾರವಾಡ ಕಡೆಯ ಹುಡುಗ. ಸೊಸೈಟಿಯವರು ಈ ಕೆಲಸ ಅವನಿಗೆ ಒಪ್ಪಿಸಿದ್ದರು. ಬಾಗಿಲಿನ ಹೆಸರು ಓದಿ, ಹಿಂದಿಯಲ್ಲಿ ಶುರು ಮಾಡಿದ ಮಾತನ್ನು ನಡುವೆಯೇ ಬಿಟ್ಟು ಕನ್ನಡಕ್ಕೆ ಇಳಿದ. ಧಾರಾವಿಯಲ್ಲಿ ನಾಲ್ಕು ಜನರ ಜತೆ ಒಂದು ಕೋಣೆಯಲ್ಲಿ ಇರುತ್ತಾನಂತೆ, ಒಬ್ಬರಿಗೂ ಕನ್ನಡ ಬರುವುದಿಲ್ಲವಂತೆ. ತನ್ನ ಲೆಕ್ಕದ ಕ್ರಮವನ್ನೂ ಹೇಳಿದ. ಬಿಲ್ಲಿನಲ್ಲಿರುವ ಯೂನಿಟ್ಟನ್ನು ಮನೆಯಲ್ಲಿರುವ ತಲೆಗಳಿಂದ ಭಾಗಿಸುವುದು. ತಲೆಗೆ ಕಡಿಮೆ ಬಿದ್ದರೆ ಸರ್ಟಿಫಿಕೇಟ್. ಯಾರೂ ಇಲ್ಲದ ಕಡೆ ಏನಾದರೂ ಉರಿಯುತ್ತಿದ್ದರೆ ಅಲ್ಲಿಗೆ ಮುಗಿಯಿತು. ಹೇಳುತ್ತಲೇ ಒಳಕೋಣೆಯತ್ತ ಕಿವಿಗೊಟ್ಟ.

"ರೇಡಿಯೊ ಹಚ್ಚೀರಿ. ಒಳಗ ಯಾರದಾರ, ತಮ್ಮಾ?"

"ಅಜ್ಜಿ," ಅಂದೆ.

ಸತ್ಯ ಹೇಳುತ್ತೇನೆ, ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ಒಬ್ಬ ಅಜ್ಜಿ ಬಂದ ಮೇಲೆ ಉಳಿದವರಿಗೆ ದಾರಿ ಸಲೀಸಾಯಿತು. ಫ್ಯಾನಿನ ಕೆಳಗೆ ಸೋದರಮಾವ, ರಾತ್ರಿಪಾಳಿ ಮುಗಿಸಿ ಮಲಗಿದ್ದಾನೆ, ಎಬ್ಬಿಸಿದರೆ ಹೊಡೆಯುತ್ತಾನೆ. ಅಡುಗೆಮನೆಯ ದೀಪದಡಿ ಓದುತ್ತಿದ್ದ ಅಕ್ಕ ಈಗ ತಾನೇ ಕೊತ್ತಂಬರಿ ಸೊಪ್ಪಿಗೆ ಕೆಳಗಿಳಿದಳು, ಬಂದುಬಿಡುತ್ತಾಳೆ. ಅಪ್ಪ, ಅಮ್ಮ, ನಾನು ಸೇರಿ ಆರು ತಲೆ. ಅಕ್ಕನಿಗೆ ಗಣಿತ ಕಷ್ಟ, ಮಾವನಿಗೆ ಹೆಣ್ಣು ನೋಡುತ್ತಿದ್ದಾರೆ, ಎರಡು ಕಡೆ ಜಾತಕ ಕೂಡಿಬರಲಿಲ್ಲ. ಅವನು ಕೇಳದಿದ್ದರೂ ಹೇಳಿದೆ. ಇಷ್ಟು ದಿನ ಮನೆಯಲ್ಲಿಟ್ಟುಕೊಂಡವರ ಬಗ್ಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ?

ಹಿರೇಮಠ ಎಷ್ಟು ಒಳ್ಳೆಯವನೆಂದರೆ, ಮಾವನ ನಿದ್ದೆ ಕೆಡಬಾರದೆಂದು ಬೂಟು ಕಳಚಿ, ತುದಿಗಾಲಿನಲ್ಲಿ ಓಡಾಡಿದ. ಪೆನ್ಸಿಲು ಕೆಳಗೆ ಬಿದ್ದಾಗ ನಾವಿಬ್ಬರೂ ಉಸಿರು ಹಿಡಿದು ಕೋಣೆಯ ಕಡೆ ನೋಡಿದೆವು. ಮಾವ ಏಳಲಿಲ್ಲ. ಪಿಸುಮಾತಿನಲ್ಲೇ ಬಲ್ಬು ಲೆಕ್ಕ ಹಾಕಿದೆವು, ಪಿಸುಮಾತಿನಲ್ಲೇ ನಾನು ಮಾಡಿದ ಚಹಾ ಕುಡಿದೆವು. ಆ ಮನೆಯಲ್ಲಿ ಅಷ್ಟು ಹೊತ್ತು ನಾನು ಇನ್ನೊಬ್ಬರ ಜತೆ ಮಾತಾಡಿ ಎಷ್ಟು ಕಾಲವಾಗಿತ್ತೋ. ಆದ್ದರಿಂದ ಇಸ್ತ್ರಿಪೆಟ್ಟಿಗೆಯ ಜೀವನಚರಿತ್ರೆ ಹೇಳಿದೆ, ಫ್ರಿಜ್ಜಿನ ಗೊರಕೆಯನ್ನು ಅನುಕರಿಸಿ ತೋರಿಸಿದೆ, ನೋಡಿದ ಮೀಟರನ್ನೇ ಇನ್ನೊಮ್ಮೆ ತೋರಿಸಿದೆ. ಅವನೂ ಎದ್ದು ಹೊರಡುವ ಅವಸರದಲ್ಲಿರಲಿಲ್ಲ. ಕೊನೆಗೆ ಭಾಗಾಕಾರ ಮಾಡಿ, ಇಡೀ ಬಿಲ್ಡಿಂಗಿಗೆ ನಮ್ಮದೇ ಮೊದಲ ನಂಬರು ಎಂದ. ಆಮೇಲೆ ಸ್ವಲ್ಪ ನಾಚಿಕೊಂಡು ಹೇಳಿದ:

"ಅಜ್ಜಿಯಾರ ಕೂಡ ಎರಡು ಮಾತು ಆಡಿ ಹೋಗ್ತೀನಿ, ತಮ್ಮಾ. ಊರು ಬಿಟ್ಟಮ್ಯಾಲ ಮುದುಕರ ಬಾಯಾಗ ಕನ್ನಡ ಕೇಳೇ ಇಲ್ಲ."

ಅಜ್ಜಿಗೆ ಕಿವಿ ಕೇಳಿಸುವುದಿಲ್ಲ ಎಂದೆ. ಹಾಗಾದರೆ ರೇಡಿಯೊ ಯಾಕೆ ಎಂದು ಅವನು ಕೇಳಲಿಲ್ಲ, ಬಾಗಿಲಿನ ಹತ್ತಿರ ಹೋಗಿ, ಮಾವನನ್ನು ಮರೆತು, ಗಟ್ಟಿಯಾಗಿಯೇ, "ಅಜ್ಜಿಯಾರ, ಆರಾಮ ಅದೀರಿಲ್ರೀ?" ಎಂದ. ರೇಡಿಯೊದಲ್ಲಿ ಯಾರೋ ಮರಾಠಿಯಲ್ಲಿ ಹತ್ತಿಗೆ ತಗಲುವ ಹುಳುಗಳ ವಿಷಯ ಹೇಳುತ್ತಿದ್ದರು. ನನಗೆ ಆಗ, ಯಾಕೋ, ಅಜ್ಜಿ ಒಂದು ಸಲ ಕೆಮ್ಮಬಾರದೇ ಅನಿಸಿತು.

ಬಾಗಿಲಿನ ಲ್ಯಾಚ್ ತಿರುಗಿತು. ಅಮ್ಮ ಬಂದಳು.

ಎಂದಿನ ಹೊತ್ತಿಗಿಂತ ಮುಂಚೆಯೇ. ಪರೀಕ್ಷೆಗೆ ಅಂದೇ ಬರುತ್ತಾರೆಂದು ಆಫೀಸಿಗೆ ಹೋದ ಮೇಲೆ ತಿಳಿದು, ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಹಿರೇಮಠ ಬರಿಗಾಲಿನಲ್ಲೇ ಕೈಮುಗಿದು, ಇಂಥ ದೊಡ್ಡ ಸಂಸಾರವನ್ನು ಇಷ್ಟು ಕಡಿಮೆ ಕರೆಂಟಿನಲ್ಲಿ ನಡೆಸುವುದನ್ನು ತಾನು ಎಲ್ಲೂ ನೋಡಿಲ್ಲವೆಂದು ಹೇಳಿ, ಫಾರಂ ಅನ್ನು ಸಹಿಗೆ ಚಾಚಿದ. ಅಮ್ಮ ಫಾರಂ ನೋಡಿದಳು. ಅಡುಗೆಮನೆಯ ಟ್ಯೂಬ್‌ಲೈಟು ನೋಡಿದಳು. ಮುಚ್ಚಿದ ಬಾಗಿಲುಗಳ ಹಿಂದಿನ ರೇಡಿಯೊವನ್ನೂ ಕ್ಯಾಲೆಂಡರಿನ ಪಟಪಟವನ್ನೂ ಕೇಳಿಸಿಕೊಂಡಳು. ಒಂದು ಸಹಿ ಹಾಕಿದ್ದರೆ ಸಾಕಿತ್ತು, ಮೆಟ್ಟಿಲ ಮೇಲಿನ ಮಾತಿಗೆ ಉತ್ತರ ಬಾಗಿಲಿನಲ್ಲಿರುತ್ತಿತ್ತು.

"ದಿನಾ ಹೀಗೇನಾ?" ಎಂದು ನನ್ನನ್ನು ಕೇಳಿದಳು.

ಎಲ್ಲದಕ್ಕೂ ಉತ್ತರ ಇಟ್ಟುಕೊಂಡವನು ನಾನು. ಆಗ ಹೌದೆಂದು ಬರೀ ತಲೆಯಾಡಿಸಿದೆ.

"ತಿದ್ದಿಕೊಳ್ಳಿ," ಎಂದಳು ಅವನಿಗೆ. "ಒಬ್ಬ ಅಂತ ಬರೀರಿ."

"ನೀವು ಇದ್ದೀರಲ್ರಿ, ಅಕ್ಕಾರ. ಇಬ್ಬರಾಗ್ತೀರಿ."

"ನಾನು ಇಲ್ಲಿಗೆ ಮಲಗೋಕೆ ಬರ್ತೀನಿ ಅಷ್ಟೆ. ಒಬ್ಬ ಅಂತ್ಲೇ ಬರೀರಿ."

ಅವನು ಹೊಡೆದುಹಾಕಿ ಬರೆದ. ಮತ್ತೆ ಭಾಗಿಸಬೇಕಾದದ್ದೇನೂ ಇರಲಿಲ್ಲ. ಒಂದರಿಂದ ಭಾಗಿಸಿದರೆ ಎಷ್ಟಿದೆಯೋ ಅಷ್ಟೇ. ಇಡೀ ಬಿಲ್ಡಿಂಗಿನಲ್ಲಿ ಕೊನೆಯ ನಂಬರು ನಮ್ಮದಾಯಿತು. ಬೂಟು ಹಾಕಿಕೊಳ್ಳುವಾಗ ಅವನು ಒಮ್ಮೆ ಒಳಕೋಣೆಯ ಬಾಗಿಲನ್ನು ನೋಡಿದ. ನನ್ನನ್ನು ಬಯ್ಯಲಿಲ್ಲ.

ಈ ಊರಿನಲ್ಲಿ ಒಬ್ಬ ಬಾಡಿಗೆದಾರನನ್ನು ಎಬ್ಬಿಸಬೇಕಾದರೆ ಕೋರ್ಟಿನಲ್ಲಿ ತಲೆಮಾರುಗಳೇ ಕಳೆಯುತ್ತವೆ. ನಮ್ಮಮ್ಮ ಅಜ್ಜಿ, ಮಾವ, ಅಕ್ಕ ಮೂವರನ್ನೂ ಒಂದೇ ಮಾತಿನಲ್ಲಿ ಖಾಲಿ ಮಾಡಿಸಿದಳು. ಆಮೇಲೆ, ಲೋಕಲ್‌ನಿಂದ ಬಂದು ಕಾಲು ತೊಳೆಯದೆ ಏನನ್ನೂ ಮುಟ್ಟದವಳು, ಚೀಲವನ್ನು ಹೆಗಲಿನಿಂದಲೂ ಇಳಿಸದೆ, ನನ್ನ ಪಕ್ಕದಲ್ಲಿ ಕುಳಿತುಕೊಂಡಳು.